ಮಳೆಮಾಪಕದಿಂದ ಸರ್ಕಾರಿ ಆದೇಶದವರೆಗೆ: ಹವಾಗುಣ ವಿಜ್ಞಾನ ಮತ್ತು ಪರಿಸರ ನೀತಿಯ ವೃತ್ತಿ

ಕರ್ನಾಟಕದ ಬಹುಪಾಲು ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿ, ಕಚೇರಿಯ ಆವರಣದಲ್ಲೋ ಶಾಲೆಯ ಬಯಲಿನಲ್ಲೋ, ಸೌರಫಲಕ ಹೊತ್ತ ಒಂದು ಮಳೆಮಾಪಕ ನಿಂತಿರುತ್ತದೆ. ಅದರ ಬಾಯಿಗೆ ಬಿದ್ದ ನೀರು ಆಲಿಕೆಯಲ್ಲಿ ಇಳಿದು, ತಕ್ಕಡಿಯಂತೆ ನಡುವೆ ಕೀಲಿರುವ ಎರಡು ಪುಟ್ಟ ಬಟ್ಟಲುಗಳಲ್ಲಿ ಒಂದನ್ನು ತುಂಬುತ್ತದೆ. ನಿಗದಿಯಾದಷ್ಟು ನೀರು ತುಂಬಿದೊಡನೆ ಆ ಬಟ್ಟಲು ಮಗುಚಿಕೊಂಡು ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ಮಗುಚಿತು ಎಂಬ ಲೆಕ್ಕವೇ ಮಳೆಯ ಅಳತೆ. ಈ ಲೆಕ್ಕ ಮೊಬೈಲ್ ಜಾಲದ ಮೂಲಕ ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನು ತಲುಪುತ್ತದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಆ ಸಂಸ್ಥೆ ಇಂದು ರಾಜ್ಯದಾದ್ಯಂತ ಆರು ಸಾವಿರಕ್ಕೂ ಹೆಚ್ಚು ಮಾಪಕಗಳಿಂದ ಹೀಗೆ ಮಾಹಿತಿ ಪಡೆಯುತ್ತಿದೆ.

ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು, ಅಂದರೆ ಒಂದು ಎಕರೆಗೆ ಸುಮಾರು ನಾಲ್ಕು ಸಾವಿರ ಲೀಟರ್. ಯಲಹಂಕ ತಲುಪಿದ ಈ ಅಂಕಿ ಅಲ್ಲಿಗೇ ನಿಲ್ಲುವುದಿಲ್ಲ. ಅದು ಹೋಬಳಿ ಮತ್ತು ತಾಲ್ಲೂಕಿನ ಸರಾಸರಿಯಾಗಿ, ವಾಡಿಕೆ ಮಳೆಗೆ ಹೋಲಿಸಿದ ಕೊರತೆಯ ಶೇಕಡಾವಾರು ಆಗಿ, ಕಂದಾಯ ಇಲಾಖೆಯ ಕಡತವಾಗಿ, ಬರಪೀಡಿತ ತಾಲ್ಲೂಕುಗಳ ಪಟ್ಟಿಯಾಗಿ, ಕೇಂದ್ರ ಸರ್ಕಾರಕ್ಕೆ ಸಲ್ಲಿಸುವ ಮನವಿಪತ್ರವಾಗಿ, ಕೊನೆಗೆ ರೈತನ ಬ್ಯಾಂಕ್ ಖಾತೆಗೆ ಜಮೆಯಾಗುವ ಅಥವಾ ಜಮೆಯಾಗದೆ ಉಳಿಯುವ ಮೊತ್ತವಾಗಿ ಮಾರ್ಪಡುತ್ತದೆ. ಹವಾಗುಣ ವಿಜ್ಞಾನ ಮತ್ತು ಪರಿಸರ ನೀತಿ ಎಂಬ ಜೋಡಿ ಹೆಸರಿನಲ್ಲಿ ಕರೆಯಲಾಗುವ ವೃತ್ತಿಯನ್ನು ಅರ್ಥಮಾಡಿಕೊಳ್ಳಲು ಹುದ್ದೆಗಳ ಪಟ್ಟಿಗಿಂತ ಈ ಒಂದು ಅಂಕಿಯ ಹಿಂದೆ ನಡೆಯುವುದೇ ಒಳ್ಳೆಯ ದಾರಿ ಎಂದು ನನಗೆ ತೋರುತ್ತದೆ. ಅಂಕಿ ಕೈ ಬದಲಿಸುವ ಪ್ರತಿಯೊಂದು ಹಂತದಲ್ಲೂ ಒಬ್ಬ ಪರಿಣತನಿಗೆ ಕೆಲಸವಿದೆ, ಮತ್ತು ಪ್ರತಿಯೊಂದು ಹಂತದಲ್ಲೂ ಅದರ ಅರ್ಥ ಕೆಡುವ ಸಾಧ್ಯತೆಯೂ ಇದೆ.

ಮೊದಲು ಪದಗಳ ವಿಷಯ. ನಮ್ಮ ಪತ್ರಿಕೆಗಳು ‘ಹವಾಮಾನ’ ಎಂಬ ಒಂದೇ ಪದವನ್ನು ಎರಡು ಅರ್ಥಗಳಲ್ಲಿ ಬಳಸುವುದರಿಂದ ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ. ಇಲ್ಲಿ ಹವಾಮಾನವೆಂದರೆ ಇಂದು ನಾಳೆಯ ಮಳೆ, ಗಾಳಿ, ಬಿಸಿಲು. ಹವಾಗುಣವೆಂದರೆ ಒಂದು ಪ್ರದೇಶದಲ್ಲಿ ದಶಕಗಳ ಅವಧಿಯಲ್ಲಿ, ರೂಢಿಯಂತೆ 30 ವರ್ಷಗಳಲ್ಲಿ, ಕಂಡುಬರುವ ಸರಾಸರಿ ಮತ್ತು ಅದರ ಏರಿಳಿತದ ವ್ಯಾಪ್ತಿ. ‘ವಾಡಿಕೆ ಮಳೆ’ ಎಂದು ನಾವು ಹೇಳುವುದು ಈ ಎರಡನೆಯ ಲೆಕ್ಕಕ್ಕೆ ಸೇರಿದ್ದು. ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆಮಗ ಉಂಡಷ್ಟು ಒಳ್ಳೆಯದು ಎಂಬ ಗಾದೆಯಲ್ಲಿ ಅಡಗಿರುವುದೂ ಹವಾಗುಣದ ತಿಳಿವಳಿಕೆಯೇ: ಆಗಸ್ಟ್ ದ್ವಿತೀಯಾರ್ಧದಲ್ಲಿ ಇಂಥ ಮಳೆ ಬರಬೇಕು, ಬಾರದಿದ್ದರೆ ಬೆಳೆಗೆ ಕೇಡು ಎಂಬ ತಲೆಮಾರುಗಳ ಲೆಕ್ಕ ಅದು. ವಿಜ್ಞಾನಿ ಅದೇ ಲೆಕ್ಕವನ್ನು ದಾಖಲೆ, ಭೌತಶಾಸ್ತ್ರ ಮತ್ತು ಗಣಿತದ ನೆರವಿನಿಂದ ಮಾಡುತ್ತಾನೆ, ಮತ್ತು ಆ ವಾಡಿಕೆಯೇ ಬದಲಾಗುತ್ತಿದೆಯೇ ಎಂದು ಕೇಳುತ್ತಾನೆ.

ನಾಳಿದ್ದಿನ ಮಳೆಯನ್ನೇ ಸರಿಯಾಗಿ ಹೇಳಲಾಗದವರು 2050ರ ಹವಾಗುಣವನ್ನು ಹೇಗೆ ಹೇಳುತ್ತಾರೆ ಎಂಬುದು ಈ ಕ್ಷೇತ್ರದವರು ಮದುವೆ ಮನೆಗಳಲ್ಲಿ ತಪ್ಪದೆ ಎದುರಿಸುವ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಕೋಲಾರದ ಮಾರುಕಟ್ಟೆಯಲ್ಲಿ ನಾಳೆ ಬೆಳಿಗ್ಗೆ ಟೊಮೆಟೊ ಬಾಕ್ಸಿನ ದರ ಎಷ್ಟಿರುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಎಲ್ಲರೂ ಟೊಮೆಟೊವನ್ನೇ ನಾಟಿ ಮಾಡಿದ ವರ್ಷ ಸರಾಸರಿ ದರ ಬೀಳುತ್ತದೆ ಎಂದು ಯಾವ ರೈತನಾದರೂ ಹೇಳಬಲ್ಲ. ಹವಾಮಾನ ಮುನ್ಸೂಚನೆ ವಾತಾವರಣದ ಈ ಕ್ಷಣದ ಸ್ಥಿತಿಯನ್ನು ಅವಲಂಬಿಸುತ್ತದೆ, ಆ ಸ್ಥಿತಿಯ ಅಳತೆಯಲ್ಲಿನ ಸಣ್ಣ ತಪ್ಪು ಎರಡು ವಾರಗಳೊಳಗೆ ದೊಡ್ಡದಾಗಿ ಬೆಳೆಯುತ್ತದೆ. ಹವಾಗುಣದ ಅಂದಾಜು ಇಡೀ ವ್ಯವಸ್ಥೆಗೆ ಎಷ್ಟು ಶಾಖ ಬರುತ್ತಿದೆ, ಎಷ್ಟು ಹೊರಹೋಗುತ್ತಿದೆ ಎಂಬುದನ್ನು ಅವಲಂಬಿಸುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಹೊರಹೋಗುವ ಶಾಖಕ್ಕೆ ತಡೆಯಾಗುತ್ತದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇ 7ರಷ್ಟು ಹೆಚ್ಚುತ್ತದೆ ಎಂಬುದು ಪ್ರಯೋಗಾಲಯದಲ್ಲೂ ತೋರಿಸಬಹುದಾದ ಸಂಗತಿ. ಮಳೆ ಸುರಿಯುವ ದಿನಗಳು ಕಡಿಮೆಯಾದರೂ ಸುರಿದಾಗ ದಬದಬನೆ ಸುರಿಯುವ ಪ್ರವೃತ್ತಿಗೆ ಇದು ಒಂದು ಮುಖ್ಯ ಕಾರಣ. ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ವಿಸ್ತಾರ ಪ್ರದೇಶಗಳನ್ನು ಆವರಿಸುವ ಅತಿಭಾರಿ ಮಳೆಯ ಪ್ರಸಂಗಗಳು ಮೂರು ಪಟ್ಟಾಗಿವೆ ಎಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು.

ಇಂಥ ಸಂಶೋಧನೆಯ ಪ್ರಧಾನ ಉಪಕರಣ ಹವಾಗುಣ ಮಾದರಿ. ಭೂಮಿಯ ಸುತ್ತಲಿನ ವಾತಾವರಣವನ್ನೂ ಸಾಗರವನ್ನೂ ಲಕ್ಷಾಂತರ ಪೆಟ್ಟಿಗೆಗಳಾಗಿ ವಿಂಗಡಿಸಿ, ಒಂದೊಂದು ಪೆಟ್ಟಿಗೆಯಲ್ಲಿ ಗಾಳಿ, ತಾಪ, ತೇವಾಂಶ, ಒತ್ತಡಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಭೌತಶಾಸ್ತ್ರದ ಸಮೀಕರಣಗಳಿಂದ ಸೂಪರ್‌ಕಂಪ್ಯೂಟರ್ ಲೆಕ್ಕಹಾಕುತ್ತದೆ. ಜಾಗತಿಕ ಮಾದರಿಗಳಲ್ಲಿ ಒಂದು ಪೆಟ್ಟಿಗೆಯ ಬದಿ ಸಾಮಾನ್ಯವಾಗಿ 100 ಕಿಲೋಮೀಟರಿನ ಆಸುಪಾಸು, ಕೆಲವದರಲ್ಲಿ ಅದಕ್ಕೂ ಹೆಚ್ಚು. ಕರ್ನಾಟಕದ ಮಟ್ಟಿಗೆ ತೊಡಕು ಇರುವುದೇ ಇಲ್ಲಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯೂ ಅದರ ಸಣ್ಣ ಪಾಲನ್ನಷ್ಟೇ ಕಾಣುವ ಶಿವಮೊಗ್ಗ ನಗರವೂ ಇಂಥ ಒಂದೇ ಪೆಟ್ಟಿಗೆಯೊಳಗೆ ಕುಳಿತುಬಿಡಬಹುದು, ಆಗ ಮಾದರಿ ಕೊಡುವ ಸರಾಸರಿ ಆಗುಂಬೆಗೂ ಸಲ್ಲುವುದಿಲ್ಲ, ಶಿವಮೊಗ್ಗಕ್ಕೂ ಸಲ್ಲುವುದಿಲ್ಲ. ಘಟ್ಟದ ಏರನ್ನೇ ಕಾಣದ ಮಾದರಿಗೆ ಮಳೆನೆರಳಿನ ಬಯಲುಸೀಮೆ ಹೇಗೆ ಕಂಡೀತು? ಒರಟಾದ ಈ ಫಲಿತಾಂಶವನ್ನು ಜಿಲ್ಲೆ ಅಥವಾ ತಾಲ್ಲೂಕಿನ ಮಟ್ಟಕ್ಕೆ ಇಳಿಸುವ ವಿಧಾನಗಳ ಮೇಲೆ ಕೆಲಸ ಮಾಡುವವರಿಗೆ ಇಂದು ಬೇಡಿಕೆ ಹೆಚ್ಚಿದೆ, ಏಕೆಂದರೆ ಯೋಜನೆ ರೂಪಿಸುವ ಅಧಿಕಾರಿಗೆ ಬೇಕಾದದ್ದು ತನ್ನ ಜಿಲ್ಲೆಯ ಅಂದಾಜು. ದಿನನಿತ್ಯದ ಮುನ್ಸೂಚನೆಯಲ್ಲಿ ಈ ಅಂತರ ಬೇಗ ಕಡಿಮೆಯಾಗುತ್ತಿದೆ. ಪುಣೆಯ ಅದೇ ಸಂಸ್ಥೆ ಅಭಿವೃದ್ಧಿಪಡಿಸಿ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಪೆಟ್ಟಿಗೆಯ ಬದಿ 6 ಕಿಲೋಮೀಟರ್.

ಈ ದಾರಿ ಹಿಡಿಯುವವರು ಪರಿಸರ ವಿಜ್ಞಾನವನ್ನೇ ಓದಿರಬೇಕೆಂಬ ಕಲ್ಪನೆ ಬಹಳ ಪೋಷಕರಲ್ಲಿದೆ, ಅದು ಸರಿಯಲ್ಲ. ಮಾದರಿಗಳ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಭೌತಶಾಸ್ತ್ರ, ಗಣಿತ ಅಥವಾ ಎಂಜಿನಿಯರಿಂಗ್ ಹಿನ್ನೆಲೆಯವರು. ದ್ರವಗಳ ಚಲನೆಯ ಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ಪ್ರೋಗ್ರಾಮಿಂಗ್ ಗೊತ್ತಿಲ್ಲದೆ ಅಲ್ಲಿ ಒಂದು ಹೆಜ್ಜೆಯೂ ಇಡಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನಗಳ ಕೇಂದ್ರ ಹಾಗೂ ದಿವೇಚಾ ಹವಾಗುಣ ಬದಲಾವಣೆ ಕೇಂದ್ರಗಳಿವೆ. ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಎಂಜಿನಿಯರಿಂಗ್ ಸೈನ್ಸಸ್ ಪತ್ರಿಕೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನದ ವಿಭಾಗವಿದೆ, ಸಂಶೋಧನಾ ಫೆಲೋಶಿಪ್‌ಗೆ ಬರೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಭೂಮಿ, ವಾತಾವರಣ, ಸಾಗರ ಮತ್ತು ಗ್ರಹ ವಿಜ್ಞಾನಗಳ ಪ್ರತ್ಯೇಕ ಪತ್ರಿಕೆಯೇ ಇದೆ. ಭಾರತೀಯ ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕ ಹುದ್ದೆಗಳಿಗೆ ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆ ನಡೆಸಿದೆ. ಭೌತಶಾಸ್ತ್ರ ಓದಿದ ಬಿ.ಎಸ್‌ಸಿ. ಪದವೀಧರರೂ ಅದಕ್ಕೆ ಅರ್ಹರು ಎಂಬುದು ನಮ್ಮ ಪದವಿ ಕಾಲೇಜುಗಳಲ್ಲಿ ಸಾಕಷ್ಟು ಪ್ರಚಾರವಾಗಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರಿನ ಅಧ್ಯಯನವನ್ನು ಕಟ್ಟಿ ಬೆಳೆಸಿದ ಸುಲೋಚನಾ ಗಾಡ್ಗೀಳ್ ಅವರ ಕೆಲಸದ ಒಂದು ಭಾಗ ಇಲ್ಲಿ ಪ್ರಸ್ತುತ. ಮಾನ್ಸೂನ್ ಮಾರುತಗಳ ಗಣಿತದಲ್ಲಿ ಹೆಸರು ಮಾಡಿದ ಅವರು ಪಾವಗಡ ಸೀಮೆಯ ಕಡಲೆಕಾಯಿ ಬೆಳೆಗಾರರ ಪ್ರಶ್ನೆಯನ್ನೂ ಕೈಗೆತ್ತಿಕೊಂಡರು: ಮಳೆಯಾಶ್ರಿತ ಹೊಲದಲ್ಲಿ ಯಾವ ವಾರ ಬಿತ್ತಿದರೆ ನಷ್ಟದ ಸಂಭವ ಕಡಿಮೆ? ದಶಕಗಳ ಮಳೆ ದಾಖಲೆ, ಬೆಳೆಯ ಬೆಳವಣಿಗೆಯ ಮಾದರಿ ಮತ್ತು ರೈತರ ಅನುಭವ, ಮೂರನ್ನೂ ಎದುರುಬದುರು ಇಟ್ಟು ಉತ್ತರ ಹುಡುಕಿದ ಆ ಅಧ್ಯಯನದಲ್ಲಿ ರೈತರು ಮಾಹಿತಿ ಪಡೆಯುವವರಾಗಿ ಮಾತ್ರ ಇರಲಿಲ್ಲ, ಪ್ರಶ್ನೆಯನ್ನು ರೂಪಿಸಿದವರೂ ಅವರೇ. ಕೃಷಿ ಹವಾಮಾನ ಶಾಸ್ತ್ರವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಮಟ್ಟದಲ್ಲಿ ಓದಬಹುದು, ಬಿ.ಎಸ್‌ಸಿ. ಕೃಷಿ ಮುಗಿಸಿದ ವಿದ್ಯಾರ್ಥಿಗಳು ಈ ಕ್ಷೇತ್ರಕ್ಕೆ ಬರಲು ಇದು ನೇರವಾದ ಬಾಗಿಲು.

ಈಗ ಅಂಕಿ ನೀತಿಯ ಕೈಗೆ ಹೋಗುವ ಘಟ್ಟಕ್ಕೆ ಬರೋಣ. 2023 ಎಲ್‌ನಿನೊ ವರ್ಷವಾಗಿತ್ತು, ಅಂದರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗಿ ನಮ್ಮ ಮುಂಗಾರನ್ನು ಕುಗ್ಗಿಸಬಲ್ಲ ವರ್ಷ; ಆ ವರ್ಷದ ಆಗಸ್ಟ್ ತಿಂಗಳ ಮಳೆ ಇಡೀ ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಕಡಿಮೆ. ರಾಜ್ಯ ಸರ್ಕಾರ ಹಂತಹಂತವಾಗಿ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು. ಇಂಥ ಘೋಷಣೆ ಮುಖ್ಯಮಂತ್ರಿಯ ಇಚ್ಛೆಗೆ ಬಿಟ್ಟದ್ದೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅದಕ್ಕೆ ಕೇಂದ್ರ ಕೃಷಿ ಸಚಿವಾಲಯದ 2016ರ ಬರ ನಿರ್ವಹಣಾ ಕೈಪಿಡಿಯ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲು ಮಳೆ: ಒಟ್ಟು ಕೊರತೆ ಎಷ್ಟು, ಮೂರು ನಾಲ್ಕು ವಾರ ಸತತವಾಗಿ ವಾಡಿಕೆಯ ಅರ್ಧದಷ್ಟೂ ಮಳೆಯಿಲ್ಲದ ಒಣ ಅವಧಿ ಇತ್ತೇ ಎಂಬುದು. ಅದನ್ನು ದಾಟಿದ ತಾಲ್ಲೂಕಿನಲ್ಲಿ ಬಿತ್ತನೆ ಪ್ರದೇಶ, ಉಪಗ್ರಹ ಕಂಡ ಹಸಿರಿನ ಸೂಚ್ಯಂಕ, ಮಣ್ಣಿನ ತೇವಾಂಶ, ಜಲಾಶಯ ಮತ್ತು ಅಂತರ್ಜಲದ ಸ್ಥಿತಿ ಇವುಗಳ ಪರಿಣಾಮ ನೋಡಬೇಕು. ಆಮೇಲೆ ಶೇ 10ರಷ್ಟು ಹಳ್ಳಿಗಳನ್ನು ಆರಿಸಿ, ಹೊಲಕ್ಕೇ ಹೋಗಿ ಬೆಳೆ ಪರಿಶೀಲಿಸಬೇಕು.

ಆ ವರ್ಷದ ವಾದವೆಲ್ಲ ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ನಡುವೆ ನಡೆಯಿತು. ಗಿಡದ ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಬೆಳಕನ್ನು ಎಲೆ ಹಿಂದಕ್ಕೆ ಎಸೆಯುತ್ತದೆ. ಉಪಗ್ರಹ ಈ ಎರಡರ ವ್ಯತ್ಯಾಸವನ್ನು ಅಳೆದು ಹಸಿರು ಎಷ್ಟಿದೆ ಎನ್ನುತ್ತದೆ. ಜುಲೈ ಕೊನೆಯ ಮಳೆಗೆ ಬೆಳೆ ಎದ್ದುನಿಂತು, ಹೂವಾಡುವ ಹೊತ್ತಿಗೆ ಆಗಸ್ಟಿನಲ್ಲಿ ತೇವ ಕೈಕೊಟ್ಟ ಹೊಲವನ್ನು ಊಹಿಸಿಕೊಳ್ಳಿ. ಮೇಲಿನಿಂದ ನೋಡಿದರೆ ಹಸಿರು. ಆದರೆ ಮೆಕ್ಕೆಜೋಳದ ತೆನೆಯ ಸಿಪ್ಪೆ ಸುಲಿದು ನೋಡಿದರೆ ಅಲ್ಲೊಂದು ಇಲ್ಲೊಂದು ಕಾಳು, ಉಳಿದದ್ದು ಬರಿಯ ಬೆಂಡು. ರಾಗಿಯ ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಊದಿದರೆ ಹೊಟ್ಟು ಹಾರಿ ಅಂಗೈ ಖಾಲಿ. ಇದಕ್ಕೆ ‘ಹಸಿರು ಬರ’ ಎಂಬ ಹೆಸರು ಆಗ ಚಾಲ್ತಿಗೆ ಬಂತು. ಉಪಗ್ರಹ ಸುಳ್ಳು ಹೇಳಿರಲಿಲ್ಲ, ತನ್ನನ್ನು ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು; ಆದರೆ ಪರಿಹಾರಕ್ಕೆ ಬೇಕಾದ ಪ್ರಶ್ನೆ ಎಲೆಯದ್ದಾಗಿರದೆ ಕಾಳಿನದ್ದಾಗಿತ್ತು. ಹಸಿರಿನ ನಕ್ಷೆಯನ್ನೂ, ಮಣ್ಣಿನ ತೇವಾಂಶದ ಪಟ್ಟಿಯನ್ನೂ, ಕಂದಾಯ ಮತ್ತು ಕೃಷಿ ಇಲಾಖೆಗಳ ಜಂಟಿ ಸಮೀಕ್ಷೆಯನ್ನೂ ಒಟ್ಟಿಗೆ ಇಟ್ಟುಕೊಂಡು, ದೆಹಲಿಯಿಂದ ಬಂದ ಅಧ್ಯಯನ ತಂಡಕ್ಕೆ ಹೊಲದ ಬದುವಿನ ಮೇಲೆ ನಿಂತು ಈ ವ್ಯತ್ಯಾಸವನ್ನು ಮನವರಿಕೆ ಮಾಡಬಲ್ಲವನೇ ನಾನು ಹೇಳುತ್ತಿರುವ ವೃತ್ತಿಯ ನಿಜವಾದ ಪರಿಣತ. ಅವನಿಗೆ ದೂರಸಂವೇದಿ ತಂತ್ರಜ್ಞಾನವೂ ಗೊತ್ತಿರಬೇಕು, ರಾಗಿ ಎಷ್ಟನೆಯ ದಿನ ತೆನೆ ಒಡೆಯುತ್ತದೆ ಎಂಬುದೂ ಗೊತ್ತಿರಬೇಕು.

ನಂತರದ್ದು ಹಣದ ಮಾತು. ಬೆಳೆನಷ್ಟ ಶೇ 33 ದಾಟಿದರೆ, ವಿಪತ್ತು ಪರಿಹಾರ ನಿಧಿಯ 2022–26ರ ಮಾರ್ಗಸೂಚಿಯಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಗರಿಷ್ಠ ಎರಡು ಹೆಕ್ಟೇರಿಗೆ. ಅಂದರೆ ಐದು ಎಕರೆ ರಾಗಿ ಪೂರ್ತಿ ಒಣಗಿದವನಿಗೆ ಹೆಚ್ಚೆಂದರೆ 17,000. ಶೇ 32 ಮತ್ತು ಶೇ 34ರ ನಡುವೆ ಹೊಲದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವೇನೂ ಇರುವುದಿಲ್ಲ. ಕಡತದಲ್ಲಿ ಮಾತ್ರ ಒಂದು ಸೊನ್ನೆ, ಇನ್ನೊಂದು ಪರಿಹಾರ. 2023ರ ಬರಕ್ಕಾಗಿ ರಾಜ್ಯ 18,171 ಕೋಟಿ ರೂಪಾಯಿ ಕೇಳಿತು, ಹಣ ಬರಲು ತಡವಾದಾಗ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು, ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸುಮಾರು 3,454 ಕೋಟಿ ಮಂಜೂರು ಮಾಡಿತು. ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ಇರುವ ಅಂತರದ ಹಿಂದೆ ರಾಜಕೀಯವೂ ಇದೆ, ಮಾರ್ಗಸೂಚಿಯ ಓದಿನ ಭಿನ್ನತೆಯೂ ಇದೆ. ಮಾರ್ಗಸೂಚಿಯನ್ನು ಅಕ್ಷರಶಃ ಓದಿ, ಯಾವ ಖರ್ಚು ಯಾವ ಶೀರ್ಷಿಕೆಯಡಿ ನಿಲ್ಲುತ್ತದೆ ಎಂದು ಹೇಳಬಲ್ಲ ಕಾನೂನು ಮತ್ತು ಸಾರ್ವಜನಿಕ ಹಣಕಾಸಿನ ಪರಿಣತರು ಈ ಕ್ಷೇತ್ರದಲ್ಲಿ ತೀರ ಕಡಿಮೆ. ಬರೀ ವಿಜ್ಞಾನದ ಪದವಿಯಿಂದ ಈ ಕೆಲಸ ಆಗುವುದಿಲ್ಲ.

ಎಲ್ಲ ಪರಿಸರ ನೀತಿಯೂ ಹೀಗೆ ಕೈಪಿಡಿಯ ಮೆಟ್ಟಿಲೇರಿ ತೀರ್ಮಾನವಾಗುವುದಿಲ್ಲ. ಪಶ್ಚಿಮಘಟ್ಟದ ಉದಾಹರಣೆ ನೋಡಿ. 2011ರಲ್ಲಿ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ ಸುಮಾರು 9 ಕಿಲೋಮೀಟರ್ ಬದಿಯ ಚೌಕಗಳಾಗಿ ಘಟ್ಟವನ್ನು ವಿಂಗಡಿಸಿ, ಇಡೀ ಪ್ರದೇಶವನ್ನೇ ಪರಿಸರ ಸೂಕ್ಷ್ಮವೆಂದು ಪರಿಗಣಿಸಿ ಮೂರು ಶ್ರೇಣಿ ಮಾಡಿತು, ಗ್ರಾಮಸಭೆಗಳ ಅಭಿಪ್ರಾಯಕ್ಕೆ ತೂಕ ಕೊಟ್ಟಿತು. 2013ರಲ್ಲಿ ಕೆ. ಕಸ್ತೂರಿರಂಗನ್ ನೇತೃತ್ವದ ತಂಡ ಉಪಗ್ರಹ ಚಿತ್ರಗಳಿಂದ ಸಹಜ ಭೂದೃಶ್ಯವನ್ನೂ ತೋಟ, ಗದ್ದೆ, ವಸತಿಗಳ ಭೂದೃಶ್ಯವನ್ನೂ ಬೇರ್ಪಡಿಸಿ, ಗ್ರಾಮವನ್ನು ಘಟಕವಾಗಿಟ್ಟು, ಸೂಕ್ಷ್ಮ ವಲಯವನ್ನು ಘಟ್ಟದ ಸುಮಾರು ಶೇ 37ರಷ್ಟು ಪ್ರದೇಶಕ್ಕೆ ಸೀಮಿತಗೊಳಿಸಿತು. ಕರ್ನಾಟಕದ ಪಾಲಿಗೆ ಅದು 20,668 ಚದರ ಕಿಲೋಮೀಟರ್. ಎರಡೂ ಗಂಭೀರ ವಿಜ್ಞಾನಿಗಳ ಕೆಲಸವೇ. ಗಡಿ ಬೇರೆಯಾದದ್ದು ಯಾವ ಘಟಕದಲ್ಲಿ ಅಳೆಯಬೇಕು, ಯಾರನ್ನು ಕೇಳಬೇಕು ಎಂಬ ಮೊದಲ ಆಯ್ಕೆಗಳಿಂದ. ಕೇಂದ್ರ 2024ರ ಜುಲೈನಲ್ಲಿ ಆರನೆಯ ಬಾರಿ ಕರಡು ಅಧಿಸೂಚನೆ ಹೊರಡಿಸಿದಾಗಲೂ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ತನ್ನ ಅಡಿಕೆ ತೋಟ ನಕ್ಷೆಯಲ್ಲಿ ಯಾವ ಬಣ್ಣದೊಳಗೆ ಬಂದಿದೆ, ಬಂದರೆ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಮಲೆನಾಡಿನ ಕೃಷಿಕನಿಗೆ ಅವನ ಮಾತಿನಲ್ಲಿ, ಸಕಾಲದಲ್ಲಿ ಹೇಳುವ ಕೆಲಸ ಸರಿಯಾಗಿ ಆಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಖಾಲಿ ಜಾಗವನ್ನು ವದಂತಿ ತುಂಬಿತು.

ಭಾಷೆಯ ಈ ಪ್ರಶ್ನೆ ಕಾನೂನಿನಲ್ಲೇ ಇದೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಯೋಜನೆಯ ಅಂದಾಜು ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು, ಸಾರ್ವಜನಿಕ ಅಹವಾಲು ಸಭೆಗೆ 30 ದಿನಗಳ ಮುಂಚೆ ಸೂಚನೆ ಕೊಡಬೇಕು. ಕನ್ನಡ ಸಾರಾಂಶ ತೆರೆದು ನೋಡಿದರೆ ಎಷ್ಟೋ ಸಲ ಅದು ಇಂಗ್ಲಿಷ್ ಬಲ್ಲವನಿಗೂ ಕನ್ನಡ ಬಲ್ಲವನಿಗೂ ಸಮಾನವಾಗಿ ಅರ್ಥವಾಗದಂತಿರುತ್ತದೆ. ಇಂಥ ವರದಿಗಳನ್ನು ಸಿದ್ಧಪಡಿಸುವ ಮಾನ್ಯತೆ ಪಡೆದ ಸಲಹಾ ಸಂಸ್ಥೆಗಳಲ್ಲಿ ಪರಿಸರ ವಿಜ್ಞಾನ ಓದಿದವರಿಗೆ ಕೆಲಸ ಸಿಗುತ್ತದೆ. ಆದರೆ ಸಂಭಾವನೆ ಕೊಡುವವನು ಯೋಜನೆಯ ಮಾಲೀಕನೇ ಆದ್ದರಿಂದ ಪ್ರತಿಕೂಲ ಸಂಗತಿಯನ್ನು ಬರೆಯಲು ಬೆನ್ನುಮೂಳೆ ಬೇಕಾಗುತ್ತದೆ ಎಂಬುದನ್ನು ಸೇರುವ ಮೊದಲೇ ತಿಳಿದಿರುವುದು ಒಳಿತು. ಖಾಸಗಿ ಕಂಪನಿಗಳ ಕಡೆಯೂ ಅವಕಾಶ ಹೆಚ್ಚಿದೆ: ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು ಸುಸ್ಥಿರತೆಯ ವರದಿ ಸಲ್ಲಿಸುವುದನ್ನು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2022–23ರಿಂದ ಕಡ್ಡಾಯ ಮಾಡಿದ್ದರಿಂದ ಇಂಗಾಲದ ಡೈಆಕ್ಸೈಡ್‌ನಂಥ ಅನಿಲಗಳ ಹೊರಸೂಸುವಿಕೆಯ ಲೆಕ್ಕ ಇಡುವವರು ಬೇಕಾಗಿದ್ದಾರೆ. ಸಂಬಳ ಅಲ್ಲಿ ಚೆನ್ನಾಗಿರುತ್ತದೆ, ಕೆಲಸದ ಬಹುಭಾಗ ವಿದ್ಯುತ್ ಬಿಲ್ಲು ಮತ್ತು ಡೀಸೆಲ್ ರಸೀದಿಗಳ ನಡುವೆ ಕಳೆಯುತ್ತದೆ.

ಸಂಶೋಧನೆಯ ದಾರಿಯಲ್ಲಿ ಆದಾಯದ ಚಿತ್ರ ಬೇರೆ. ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಹಿರಿಯರಿಗೆ 42,000, ಪಿಎಚ್.ಡಿ. ಮುಗಿಯಲು ಐದಾರು ವರ್ಷ, ಆಮೇಲೂ ಕಾಯಂ ಹುದ್ದೆಗೆ ಮೊದಲು ಅವಧಿ ನಿಗದಿಯಾದ ಯೋಜನೆಗಳಲ್ಲಿ ಕೆಲವು ವರ್ಷ ದುಡಿಯಬೇಕಾಗುತ್ತದೆ. ಬೆಂಗಳೂರಿನ ಏಟ್ರೀ (ATREE), ಸಿಸ್ಟೆಪ್‌ (CSTEP) ನಂಥ ಸ್ವತಂತ್ರ ಸಂಶೋಧನಾ ಸಂಸ್ಥೆಗಳು, ರಾಜ್ಯ ಸರ್ಕಾರದ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ, ಮಾಲಿನ್ಯ ನಿಯಂತ್ರಣ ಮಂಡಳಿ, ಭಾರತೀಯ ಅರಣ್ಯ ಸೇವೆ ಇವೆಲ್ಲ ನೀತಿಯ ಕಡೆಯ ಬಾಗಿಲುಗಳು. ಇವುಗಳಲ್ಲಿ ಅರ್ಥಶಾಸ್ತ್ರ, ಕಾನೂನು, ಸಮಾಜಶಾಸ್ತ್ರ ಓದಿದವರಿಗೂ ಜಾಗವಿದೆ.

ಈ ಕೆಲಸ ತನಗೆ ಒಗ್ಗುತ್ತದೆಯೇ ಎಂದು ತಿಳಿಯಲು ವಿದ್ಯಾರ್ಥಿಗೆ ಪದವಿಯವರೆಗೆ ಕಾಯಬೇಕಿಲ್ಲ. ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಈಚಿನ ದೈನಂದಿನ ಮಳೆಯ ದತ್ತಾಂಶವನ್ನು ದೇಶದಾದ್ಯಂತ ಕಾಲು ಡಿಗ್ರಿಯ, ಅಂದರೆ ಸುಮಾರು 27 ಕಿಲೋಮೀಟರಿನ ಚೌಕಗಳಲ್ಲಿ ಉಚಿತವಾಗಿ ಕೊಡುತ್ತದೆ. ನಿಮ್ಮ ತಾಲ್ಲೂಕು ಬೀಳುವ ಚೌಕವನ್ನು ಆರಿಸಿ, ಪ್ರತಿ ವರ್ಷದ ಆಗಸ್ಟ್ ಮಳೆಯ ಮೊತ್ತವನ್ನು ಸಾಲಾಗಿ ಬರೆದು, 2.5 ಮಿಲಿಮೀಟರಿಗಿಂತ ಕಡಿಮೆ ಮಳೆಯಾದ ದಿನಗಳು ಸತತವಾಗಿ ಎಷ್ಟಿದ್ದವು ಎಂದು ಎಣಿಸಿ. ಇಲಾಖೆ ‘ಮಳೆಯ ದಿನ’ ಎಂದು ಕರೆಯಲು ಬೇಕಾದ ಕನಿಷ್ಠ ಪ್ರಮಾಣ ಅದು. ಆ ಪಟ್ಟಿಯಲ್ಲಿ ಅತ್ಯಂತ ಕೆಟ್ಟದಾಗಿ ಕಾಣುವ ಮೂರು ನಾಲ್ಕು ವರ್ಷಗಳನ್ನು ಗುರುತು ಹಾಕಿಕೊಂಡು, ಮನೆಯ ಅಥವಾ ಊರಿನ ಹಿರಿಯರನ್ನು ಆ ವರ್ಷಗಳ ಬೆಳೆಯ ಬಗ್ಗೆ ಕೇಳಿ. ಅವರ ನೆನಪು ಪಟ್ಟಿಯೊಂದಿಗೆ ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಮಾಪಕ ತಪ್ಪಿತೋ, ಚೌಕ ದೊಡ್ಡದಾಯಿತೋ, ಕೆರೆ ನೀರು ಬೆಳೆಯನ್ನು ಉಳಿಸಿತೋ ಎಂದು ಹುಡುಕುತ್ತ ಕೂರುವುದು ನಿಮಗೆ ಬೇಸರ ತರದಿದ್ದರೆ, ಮುಂದೆ ಯಾವ ಪದವಿಗೆ ಸೇರಬೇಕು ಎಂಬ ವಿಚಾರವನ್ನು ಆಗ ಎತ್ತಿಕೊಳ್ಳಬಹುದು.